ಅಂಗೈಯಗಲದ ಗ್ರಂಥಭಂಡಾರ

ಆಷಾಢದ ಮಳೆ ಬೆಳಗಾವಿಯನ್ನು ಹಿಡಿಯಿತೆಂದರೆ ನೆಹರು ನಗರದ ಮನೆಗಳಲ್ಲಿ ಬಟ್ಟೆ ಒಣಗುವುದೂ ಕಷ್ಟ, ಪುಸ್ತಕ ಉಳಿಯುವುದೂ ಕಷ್ಟ. ಖಾನಾಪುರದ ಕಾಡುಗಳ ಮೇಲೆ ಹಾಯ್ದು ಬರುವ ಗಾಳಿ ತನ್ನೊಡನೆ ತೇವವನ್ನು ಹೊತ್ತು ತಂದು ಕಪಾಟಿನ ಸಂದುಗೊಂದುಗಳಲ್ಲೆಲ್ಲ ನುಗ್ಗಿಸುತ್ತದೆ. ಶ್ರಾವಣ ಮುಗಿಯುವ ಹೊತ್ತಿಗೆ ಒಳ್ಳೊಳ್ಳೆಯ ಗ್ರಂಥಗಳ ರಟ್ಟಿನ ಮೇಲೆ ಬಿಳಿಯ ಬೂಷ್ಟು ಹಬ್ಬಿರುತ್ತದೆ. ಮನೆಯ ಹಿರಿಯರು ಅವನ್ನು ಅಂಗಳದಲ್ಲಿ ಹರಡುವುದಕ್ಕೆಂದು ಬಿಸಿಲಿನ ದಾರಿ ಕಾಯುತ್ತಿರುತ್ತಾರೆ.

ಇಂಥದೊಂದು ಮನೆಯನ್ನು ವಾಚಕರು ಕಣ್ಮುಂದೆ ತಂದುಕೊಳ್ಳಲಿ. ಯಜಮಾನರು ನಿವೃತ್ತ ಮಾಸ್ತರರು. ಒಂದು ಕಣ್ಣಿನ ಮೋತಿಬಿಂದು ತೆಗೆಸಿಯಾಗಿದೆ. ಇನ್ನೊಂದರದು ಸರದಿ ಕಾಯುತ್ತಿದೆ. ಗೋಡೆಯುದ್ದದ ಕಪಾಟಿನಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯ ಹಳೆಯ ಪ್ರಕಟಣೆಗಳು, ಸಮಗ್ರ ವಚನ ಸಂಪುಟದ 15 ಸಂಪುಟಗಳು, ನಡುನಡುವೆ ನೆರೆಮನೆಯಿಂದ ತಂದು ಹಿಂದಿರುಗಿಸದೆ ಉಳಿದ ಮರಾಠಿ ಕಾದಂಬರಿಗಳು. ಪುಣೆಯಲ್ಲಿರುವ ಮಗ ತಂದೆಯ ಕಣ್ಣಿನ ಕಷ್ಟವನ್ನೂ ಪುಸ್ತಕಗಳ ಬೂಷ್ಟನ್ನೂ ಒಂದೇ ಏಟಿಗೆ ಪರಿಹರಿಸುವೆನೆಂದು ಬಗೆದು ಒಂದು ಇ-ಬುಕ್ ರೀಡರ್ ಕೊಂಡು ಕಳುಹಿಸುತ್ತಾನೆ. ಪೆಟ್ಟಿಗೆ ಬಿಚ್ಚಿದ ಮೊಮ್ಮಗಳಿಗೆ ಸಂಭ್ರಮವೋ ಸಂಭ್ರಮ.

“ಅಜ್ಜಾ, ಇದರಾಗ ಸಾವಿರಾರು ಪುಸ್ತಕ ಹಿಡಿಸ್ತಾವಂತ ನೋಡ್ರಿ!”

“ಹಿಡಿಸ್ತಾವ, ಖರೆ. ನಾ ಓದೂ ಪುಸ್ತಕ ಅದರಾಗ ಎಲ್ಲೆದಾವ, ತಂಗಿ?”

ಮೊಮ್ಮಗಳು ಯಂತ್ರದೊಳಗಣ ಅಂಗಡಿಯನ್ನು ತಡಕಾಡುತ್ತಾಳೆ. ಇಂಗ್ಲಿಷ್ ಗ್ರಂಥಗಳ ಸಾಗರವೇ ತೆರೆದುಕೊಳ್ಳುತ್ತದೆ. ಮರಾಠಿಯ ಪಟ್ಟಿಯೂ ಉದ್ದವಾಗಿಯೇ ಇದೆ. ಕನ್ನಡದ ಪಟ್ಟಿಯನ್ನು ಹುಡುಕುತ್ತ ಹುಡುಕುತ್ತ ಅವಳ ಉತ್ಸಾಹ ಇಳಿಯುತ್ತದೆ. ಸಂಜೆಯ ಹೊತ್ತಿಗೆ ಯಂತ್ರ ಮತ್ತೆ ಪೆಟ್ಟಿಗೆಯೊಳಗೆ ಮಲಗುತ್ತದೆ.

ಯಂತ್ರದಲ್ಲಿ ದೋಷವಿಲ್ಲ, ಮಗನ ಪ್ರೀತಿಯಲ್ಲಿಯೂ ದೋಷವಿಲ್ಲ. ಕೊಳ್ಳುವವನು ಯಂತ್ರದ ಗುಣವನ್ನು ವಿಚಾರಿಸಿದನೇ ಹೊರತು ಓದುವವರ ಅಭ್ಯಾಸವನ್ನು ವಿಚಾರಿಸಲಿಲ್ಲ; ಎಡವಟ್ಟಾದುದು ಅಲ್ಲಿಯೇ. ವರನ ಜಾತಕವನ್ನಷ್ಟೆ ನೋಡಿ ಕನ್ಯೆಯನ್ನು ಕೇಳದೆ ಲಗ್ನ ಗೊತ್ತುಮಾಡಿದಂತಾಯಿತು.

ಈ ವಸ್ತುವಿನ ಹುಟ್ಟು ಸ್ವಾರಸ್ಯಕರವಾದುದು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಸಂಶೋಧನೆಯ ಫಲವಾಗಿ 1997ರಲ್ಲಿ ಇ-ಇಂಕ್ ಎಂಬ ಕಂಪನಿ ಸ್ಥಾಪನೆಯಾಯಿತು. ಅವರು ಸಿದ್ಧಪಡಿಸಿದ ಪರದೆಯಲ್ಲಿ ಕೂದಲೆಳೆಯ ದಪ್ಪದ ಅಸಂಖ್ಯಾತ ಗುಳಿಗೆಗಳಿರುತ್ತವೆ. ಪ್ರತಿಯೊಂದು ಗುಳಿಗೆಯೊಳಗೂ ದ್ರವವೊಂದರಲ್ಲಿ ಬಿಳಿಯ ಕಣಗಳೂ ಕರಿಯ ಕಣಗಳೂ ತೇಲುತ್ತಿರುತ್ತವೆ. ಎರಡಕ್ಕೂ ಪರಸ್ಪರ ವಿರುದ್ಧವಾದ ವಿದ್ಯುದಂಶವಿರುತ್ತದೆ. ಕೆಳಗಿನಿಂದ ವಿದ್ಯುತ್ತಿನ ಸೂಚನೆ ಬಂದೊಡನೆ ಒಂದು ಬಣ್ಣದ ಕಣಗಳು ಮೇಲೇಳುತ್ತವೆ, ಇನ್ನೊಂದು ಬಣ್ಣದವು ತಳ ಸೇರುತ್ತವೆ. ಕರಿಯವು ಮೇಲೆ ಬಂದಲ್ಲಿ ಅಕ್ಷರ. ಬಿಳಿಯವು ಮೇಲೆ ಬಂದಲ್ಲಿ ಕಾಗದ. ಒಮ್ಮೆ ನೆಲೆಗೊಂಡ ಕಣಗಳು ಮತ್ತೊಂದು ಸೂಚನೆ ಬರುವತನಕ ಕದಲುವುದಿಲ್ಲ. ಆದುದರಿಂದ ಪುಟ ತಿರುವುವಾಗ ಮಾತ್ರ ಪರದೆಗೆ ವಿದ್ಯುತ್ತು ಬೇಕು, ಓದುತ್ತಿರುವಾಗ ಬೇಡ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುವ ರಹಸ್ಯ ಇದೇ. ಮಳೆಗಾಲದಲ್ಲಿ ಖಾನಾಪುರದ ಕಡೆ ಮರ ಬಿದ್ದು ಎರಡು ದಿನ ವಿದ್ಯುತ್ತು ಕೈಕೊಟ್ಟ ಮನೆಯವರು ಈ ಗುಣದ ಬೆಲೆಯನ್ನು ಬಲ್ಲರು.

ಈ ಪರದೆಯನ್ನು ಹೊತ್ತ ಮೊದಲ ರೀಡರನ್ನು ಸೋನಿ ಕಂಪನಿ 2004ರಲ್ಲಿ ಜಪಾನಿನಲ್ಲಿ ಮಾರಾಟಕ್ಕಿಟ್ಟಿತು. 2007ರ ನವೆಂಬರಿನಲ್ಲಿ ಅಮೆಜಾನ್ ಕಂಪನಿಯ ಕಿಂಡಲ್ ಬಂತು. ಬೆಲೆ 399 ಡಾಲರ್. ಆದರೂ ಮೊದಲ ದಾಸ್ತಾನು ಐದೂವರೆ ಗಂಟೆಗಳಲ್ಲಿ ಖರ್ಚಾಗಿಹೋಯಿತು. ಅದರ ಪರದೆಯಲ್ಲಿ ಅಂಗುಲಕ್ಕೆ 167 ಚುಕ್ಕೆಗಳಿದ್ದವು. ಈಚಿನ ಒಳ್ಳೆಯ ರೀಡರುಗಳಲ್ಲಿ 300 ಇರುತ್ತವೆ. ಇಂಗ್ಲಿಷ್ ಓದುಗನಿಗೆ ಇದು ಅಂದದ ಮಾತು, ಕನ್ನಡದವನಿಗೆ ಅಗತ್ಯದ ಮಾತು. ‘ಥ’ಕಾರದ ಹೊಟ್ಟೆಯ ಚುಕ್ಕೆ ಮಸುಕಾದರೆ ಕಥೆಯ ಗತಿ ಏನು? ಅಕ್ಷರದ ಅಡಿಯಲ್ಲಿ ಒತ್ತಕ್ಷರ, ಅದರ ಮಗ್ಗುಲಲ್ಲಿ ಮತ್ತೊಂದು ಒತ್ತಕ್ಷರ ಹೊತ್ತುಕೊಂಡು ನಡೆಯುವ ಲಿಪಿ ನಮ್ಮದು. ಕೊಳ್ಳುವಾಗ ಈ 300ರ ಸಂಖ್ಯೆಯನ್ನು ಮಾತ್ರ ವಿಚಾರಿಸಲು ಮರೆಯಬಾರದು.

ಮನೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೊಂದು ಬೇರೆ ಏಕೆ ಎಂದು ಗೃಹಿಣಿಯರು ಕೇಳುವುದು ಸಹಜವೇ. ಮೊಬೈಲಿನ ಪರದೆ ತನ್ನ ಬೆಳಕನ್ನು ನೇರವಾಗಿ ನಮ್ಮ ಕಣ್ಣಿಗೆ ಎಸೆಯುತ್ತದೆ. ರೀಡರಿನ ಪರದೆಯಾದರೋ ಕಾಗದದಂತೆ ಸುತ್ತಲಿನ ಬೆಳಕನ್ನೇ ಹಿಂದಿರುಗಿಸುತ್ತದೆ. ಅಂಗಳದ ಬಿಸಿಲಿನಲ್ಲಿ ಮೊಬೈಲ್ ಮಂಕಾದರೆ ಇದು ಇನ್ನಷ್ಟು ನಿಚ್ಚಳವಾಗುತ್ತದೆ. ರಾತ್ರಿಯ ಓದಿಗೆಂದು ಪರದೆಯ ಅಂಚಿನಲ್ಲಿ ಸಣ್ಣ ದೀಪಗಳನ್ನು ಕೂಡಿಸಿರುತ್ತಾರೆ. ಅವುಗಳ ಬೆಳಕು ಪುಟದ ಮೇಲೆ ಹರಿದು ಅಲ್ಲಿಂದ ಕಣ್ಣಿಗೆ ಬರುತ್ತದೆ. ಹಾಗೆಂದ ಮಾತ್ರಕ್ಕೆ ಇದು ಕಣ್ಣಿನ ಔಷಧವೆಂದು ತಿಳಿಯಬಾರದು. ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದೆಂಬುದೇ ವೃದ್ಧರಿಗೆ ಇದರಿಂದ ಆಗುವ ದೊಡ್ಡ ಉಪಕಾರ. ಇನ್ನೊಂದು ಉಪಕಾರ ಗುಣವೋ ದೋಷವೋ ಹೇಳುವುದು ಕಷ್ಟ: ಈ ಪರದೆ ನಿಧಾನಿ, ಇದರಲ್ಲಿ ಸಿನಿಮಾ ನೋಡಿ ಸುಖವಿಲ್ಲ, ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಓದುಗನನ್ನು ಎಳೆದೊಯ್ಯುವ ಸಂದೇಶಗಳ ಕಾಟವೂ ಕಡಿಮೆ. ಧಾರಾವಾಹಿಯ ಒಂದೊಂದೇ ಪ್ರಕರಣವನ್ನು ರಾತ್ರಿ ಮಲಗುವ ಮುನ್ನ ಸವಿಯುವ ಅಭ್ಯಾಸದವರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಸಿಕ್ಕುವುದು ದುರ್ಲಭ. ಬಿಟ್ಟ ಪುಟವನ್ನು ಅದು ತಾನೇ ನೆನಪಿಟ್ಟುಕೊಂಡಿರುತ್ತದೆ.

ಇರಲಿ, ಮಾಸ್ತರರ ಪ್ರಶ್ನೆಗೆ ಬರೋಣ. ನಾ ಓದುವ ಪುಸ್ತಕ ಎಲ್ಲಿ?

2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಅಂಗಡಿಯಲ್ಲಿ ಭಾರತೀಯ ಭಾಷೆಗಳ ವಿಭಾಗವನ್ನು ತೆರೆಯಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳು ಅದರಲ್ಲಿದ್ದವು. ಕನ್ನಡವಿರಲಿಲ್ಲ. ಬೇರೆ ಊರುಗಳಲ್ಲಿ ಈ ಸುದ್ದಿ ಪತ್ರಿಕೆಯ ಒಂದು ಮೂಲೆಯ ವಾರ್ತೆಯಾಗಿ ಕಳೆದುಹೋಗಬಹುದು. ಬೆಳಗಾವಿಯಲ್ಲಿ ಅದು ಗೋಡೆಗೆ ಗೋಡೆ ಹತ್ತಿದ ಎರಡು ಮನೆಗಳ ನಡುವೆ ಕಣ್ಣಿಗೆ ಕಾಣುತ್ತದೆ. ನೆರೆಮನೆಯ ಕಾಕು ಅದೇ ಯಂತ್ರದಲ್ಲಿ ಮರಾಠಿ ಕಾದಂಬರಿಯನ್ನು ಕುಳಿತಲ್ಲಿಯೇ ಕೊಂಡು ಊಟದ ಹೊತ್ತಿಗೆ ಅರ್ಧ ಮುಗಿಸಿರುತ್ತಾರೆ. ಇತ್ತ ಮಾಸ್ತರರು ಖಾಲಿ ಪರದೆಯನ್ನು ನೋಡುತ್ತ ಕುಳಿತಿರುತ್ತಾರೆ. ಇದು ಭಾಷೆ ಭಾಷೆಗಳ ಜಗಳದ ಮಾತಲ್ಲ. ಎರಡೂ ಮನೆಗಳಲ್ಲಿ ಎರಡೂ ಭಾಷೆ ನಡೆಯುತ್ತವೆ. ಕಾಕುವಿಗೆ ಕನ್ನಡ ಬರುತ್ತದೆ, ಮಾಸ್ತರರು ಮರಾಠಿ ಓದಬಲ್ಲರು. ಇದು ಅಂಗಡಿಯ ಮಾತು. ಯಾವ ಯಂತ್ರ ಕೊಂಡರೆ ಯಾವ ಅಂಗಡಿಯ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಕನ್ನಡದ ಇ-ಪುಸ್ತಕಗಳು ಬೇಕಾದಷ್ಟು ಬೇಗ ಬೆಳೆಯದಿರುವುದಕ್ಕೆ ಇನ್ನೊಂದು ಕಾರಣವುಂಟು. ಅದು ನಮ್ಮ ಮನೆಯೊಳಗಿನದೇ. ಪ್ರಪಂಚದ ಲಿಪಿಗಳಿಗೆಲ್ಲ ಸಮಾನವಾದ ಸಂಕೇತವನ್ನು ಗೊತ್ತುಪಡಿಸುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿವೆ. ಆದರೆ ನಮ್ಮ ಮುದ್ರಣಾಲಯಗಳು ಬಹುಕಾಲ ಬೇರೆ ಹಾದಿಯನ್ನೇ ಹಿಡಿದಿದ್ದವು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿ, ಕಣ್ಣಿಗೆ ಕನ್ನಡವೆಂದು ತೋರುವಂತೆ ಮಾಡುತ್ತಿದ್ದವು. ತಲಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಒತ್ತಕ್ಷರ ಇನ್ನೊಂದು ತುಂಡು. ಕಾಗದದ ಮೇಲೆ ಅಚ್ಚಾಗಿ ಬಂದರೆ ಸರಿ, ಯಾರಿಗೂ ತಿಳಿಯದು. ಅದೇ ಕಡತವನ್ನು ಇ-ಪುಸ್ತಕವಾಗಿಸಲು ಹೊರಟರೆ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಉಳಿಯುತ್ತದೆ. ಪರಿವರ್ತಕಗಳೇನೋ ಇವೆ. ಆದರೆ ಅವು ಮಾಡಿಕೊಟ್ಟುದನ್ನು ಒಬ್ಬರು ಕುಳಿತು ಸಾಲುಸಾಲಾಗಿ ತಿದ್ದಲೇಬೇಕು. ಸಾವಿರ ಪ್ರತಿ ಅಚ್ಚು ಹಾಕಲು ಹತ್ತು ಸಲ ಯೋಚಿಸುವ ಪ್ರಕಾಶಕನಿಗೆ ಈ ಎರಡನೆಯ ಕರಡು ತಿದ್ದುವಿಕೆಯ ವೆಚ್ಚ ಹಗುರವಾದುದಲ್ಲ.

ಹಾಗಿದ್ದೂ ಕನ್ನಡ ಪುಸ್ತಕಗಳು ಬಂದಿವೆ, ಬೇರೆ ದಾರಿಯಿಂದ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಇಂದಿನ ಲೇಖಕರ ಕಾದಂಬರಿ, ಕಥಾಸಂಗ್ರಹಗಳು ಸಿಕ್ಕುತ್ತವೆ. ಕನ್ನಡಕ್ಕಾಗಿಯೇ ಎಂದು 2020ರಲ್ಲಿ ಆರಂಭವಾದ ಮೈಲ್ಯಾಂಗ್ ಓದುವ ಪುಸ್ತಕಗಳನ್ನೂ ಕೇಳುವ ಪುಸ್ತಕಗಳನ್ನೂ ಒದಗಿಸುತ್ತಿದೆ. ಒಲೆಯ ಮುಂದೆ ಎರಡು ಕೈಗೂ ಕೆಲಸವಿರುವ ಗೃಹಿಣಿಗೆ ಕೇಳುವ ಕಾದಂಬರಿಯೇ ಹಿತವಾದೀತು; ಅಂಥವರು ರೀಡರಿಗೆ ಹಣ ಸುರಿಯಬೇಕಾದುದೇ ಇಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಆದರೆ ಈ ಅಂಗಡಿಗಳೆಲ್ಲ ಆ್ಯಪ್‌ಗಳ ರೂಪದಲ್ಲಿವೆ. ಕಿಂಡಲ್‌ನೊಳಗೆ ಅವನ್ನು ಹಾಕಿಕೊಳ್ಳಲು ಬರುವುದಿಲ್ಲ. ಹೊಸ ಕನ್ನಡ ಪುಸ್ತಕಗಳನ್ನು ಕಾಗದದಂಥ ಪರದೆಯ ಮೇಲೆಯೇ ಓದಬೇಕೆಂಬ ಹಟವಿದ್ದವರು ಮೊಬೈಲಿನಂತೆ ಆಂಡ್ರಾಯ್ಡ್ ವ್ಯವಸ್ಥೆಯಿಂದ ನಡೆಯುವ ಇ-ಇಂಕ್ ರೀಡರುಗಳನ್ನು ನೋಡಬೇಕು. ಚೀನದ ಓನಿಕ್ಸ್ ಕಂಪನಿಯ ಬೂಕ್ಸ್ ಯಂತ್ರಗಳು ಈ ಜಾತಿಯವು. ಇವುಗಳಲ್ಲಿ ಒಂದಲ್ಲ, ಹಲವು ಅಂಗಡಿಗಳ ಬಾಗಿಲು ತೆರೆಯುತ್ತದೆ. ತಾಪತ್ರಯವೂ ಅದೇ ಅಳತೆಯಲ್ಲಿ ಹೆಚ್ಚು: ಬ್ಯಾಟರಿ ಅಷ್ಟು ದಿನ ಬಾರದು, ಸೂಚನೆಗಳ ಜಟಿಲತೆ ಹೆಚ್ಚು, ಬೆಲೆಯೂ ಸಾಮಾನ್ಯವಾಗಿ ಹೆಚ್ಚು. ಇಂಗ್ಲಿಷ್ ಮತ್ತು ಮರಾಠಿಯ ಓದೇ ಪ್ರಧಾನವಾಗಿದ್ದು ಗೊಂದಲ ಬೇಡವೆನ್ನುವವರಿಗೆ ಕಿಂಡಲ್ ನಿಸ್ಸಂದೇಹವಾಗಿ ಸುಲಭ.

ಹಳೆಯ ಪುಸ್ತಕಗಳನ್ನು ಅರಸುವವರ ದಾರಿ ಮೂರನೆಯದು, ಅದೇ ಅತ್ಯಂತ ರಸವತ್ತಾದುದು. ಭಾರತದ ಕಾನೂನಿನಂತೆ ಲೇಖಕ ತೀರಿಕೊಂಡು 60 ವರ್ಷ ಕಳೆದ ಮೇಲೆ ಆತನ ಕೃತಿಗಳು ಸಮಸ್ತರ ಸ್ವತ್ತಾಗುತ್ತವೆ. 1942ರಲ್ಲಿ ತೀರಿಕೊಂಡ ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಉತ್ತರ ಕರ್ನಾಟಕದ ಮನೆಮನೆಗೆ ಓದಿನ ರುಚಿ ಹತ್ತಿಸಿದವರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರೆಂದು ಪ್ರಸಿದ್ಧರು. ಅವರ ಬರಹಗಳು ಇಂದು ಯಾರ ಅಪ್ಪಣೆಯೂ ಬೇಕಿಲ್ಲದೆ ಓದಬಹುದಾದಂಥವು. ಇಂಥ ಸಾವಿರಾರು ಹಳೆಯ ಕನ್ನಡ ಗ್ರಂಥಗಳ ಪುಟಗಳ ಛಾಯಾಚಿತ್ರಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪಿಡಿಎಫ್ ರೂಪದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಆರಂಭಿಸಿದ ಭಾರತವಾಣಿಯಲ್ಲಿ ನಿಘಂಟುಗಳೂ ಗ್ರಂಥಗಳೂ ಇವೆ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ತೆರೆದ ಡಿಜಿಟಲ್ ಗ್ರಂಥಾಲಯಕ್ಕೆ ಸದಸ್ಯರಾಗಲು ಹಣ ಕೊಡಬೇಕಾಗಿಲ್ಲ.

ಛಾಯಾಚಿತ್ರವೆಂಬ ಮಾತನ್ನು ಗಮನಿಸಬೇಕು. ನಿಜವಾದ ಇ-ಪುಸ್ತಕದಲ್ಲಿ ಅಕ್ಷರ ಹಿಗ್ಗಿಸಿದರೆ ಸಾಲುಗಳು ತಾವಾಗಿ ಮುರಿದು ಪರದೆಯ ಅಗಲಕ್ಕೆ ಹೊಂದಿಕೊಳ್ಳುತ್ತವೆ. ಚಿತ್ರಕ್ಕೆ ಈ ವಿದ್ಯೆ ಬಾರದು. ಅಕ್ಷರ ದೊಡ್ಡದಾಗಿಸಿದರೆ ಸಾಲಿನ ಕೊನೆ ಪರದೆಯಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಗಣಿತ ಮಾಡೋಣ. ನಮ್ಮ ಸಾಮಾನ್ಯ ಡೆಮಿ ಅಷ್ಟದಳ ಪುಸ್ತಕದ ಪುಟ ಐದೂವರೆ ಅಂಗುಲ ಅಗಲ, ಎಂಟೂವರೆ ಅಂಗುಲ ಎತ್ತರ. ಮೂಲೆಯಿಂದ ಮೂಲೆಗೆ ಅಳೆದರೆ ಹತ್ತು ಅಂಗುಲಕ್ಕೆ ಕೊಂಚ ಹೆಚ್ಚು. ಪರದೆಗಳನ್ನೂ ಹೀಗೆಯೇ ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. 6 ಅಂಗುಲದ ಪರದೆಯ ನಿಜವಾದ ಎತ್ತರ ಐದು ಅಂಗುಲಕ್ಕೂ ಕಡಿಮೆ. ಇಡೀ ಪುಟವನ್ನು ಅದರಲ್ಲಿ ತುರುಕಿದರೆ 12 ಪಾಯಿಂಟಿನ ಅಕ್ಷರ ಸುಮಾರು 7 ಪಾಯಿಂಟಿಗೆ ಇಳಿಯುತ್ತದೆ. ಔಷಧದ ಸೀಸೆಯ ಮೇಲಿನ ಬರಹದಂತೆ! ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿದರೆ ಸ್ವಲ್ಪ ಉಸಿರಾಡಬಹುದು, ಅಷ್ಟೆ. ಹಳೆಯ ಗ್ರಂಥಗಳೇ ಯಾರ ಹವ್ಯಾಸವೋ ಅವರು 10 ಅಂಗುಲದ ಪರದೆಗೆ ಮನಸ್ಸು ಮಾಡುವುದು ಮೇಲು. ಅದರ ಬೆಲೆ ಚಿಕ್ಕದರ ಎರಡು ಮೂರು ಪಟ್ಟಾಗುವುದುಂಟು. ತೂಕವೂ ಹೆಚ್ಚು, ಅಂಗಾತ ಮಲಗಿ ಎದೆಯ ಮೇಲೆ ಹಿಡಿದು ಓದುವವರ ಕೈ ನೋಯುತ್ತದೆ. ಕಾದಂಬರಿ ಓದುವವರಿಗೆ 6 ಅಥವಾ 7 ಅಂಗುಲ ಧಾರಾಳ. ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು ನೆಹರು ನಗರದಲ್ಲಿ ಬೇಕಾದಷ್ಟು ಮಂದಿ ಇದ್ದಾರಲ್ಲ, ಬಣ್ಣದ ಚಿತ್ರಗಳುಳ್ಳ ದಪ್ಪ ಪಠ್ಯಪುಸ್ತಕಗಳನ್ನು ಹೊತ್ತು ತಿರುಗುವವರು, ಅವರಿಗೆ ಟ್ಯಾಬ್ಲೆಟ್ಟೇ ಸರಿ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಅವಶ್ಯ. ಅಂಗಡಿಯಲ್ಲಾಗಲಿ ಪರಿಚಿತರ ಮನೆಯಲ್ಲಾಗಲಿ ಅದೇ ಜಾತಿಯ ಯಂತ್ರವಿದ್ದರೆ ಕನ್ನಡದ ಒಂದು ಇಪಬ್ ಕಡತವನ್ನು ಅದರಲ್ಲಿ ತೆರೆಸಿ ನೋಡಬೇಕು. ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ಕರ್ತೃತ್ವ’ ಇಂಥ ಶಬ್ದಗಳು ಕಂಡರೆ ನಿಂತು ಪರಿಶೀಲಿಸಬೇಕು. ಒತ್ತಕ್ಷರ ತನ್ನ ಅಕ್ಷರದ ಕೆಳಗೆ ಕೂತಿದೆಯೇ, ಅಥವಾ ಪಕ್ಕಕ್ಕೆ ಸರಿದು ಕುಂಟುತ್ತಿದೆಯೇ? ಅರ್ಕಾವತ್ತು ಸ್ವಸ್ಥಾನದಲ್ಲಿದೆಯೇ? ಅಕ್ಷರಗಳ ಬದಲು ಖಾಲಿ ಚೌಕಗಳು ಕಂಡರೆ ಮಾತೇ ಬೇಡ. ಕಿಂಡಲ್‌ಗೆ ಸ್ವಂತ ಇಪಬ್ ಕಡತಗಳನ್ನು ಕಳುಹಿಸುವ ಅನುಕೂಲ 2022ರಿಂದ ಇದೆ. ಪಿಡಿಎಫ್ ಹೇಗೂ ಹೋಗುತ್ತದೆ. ಯಂತ್ರವನ್ನು ಈಗಾಗಲೇ ಕೊಂಡವರು ಈ ದಾರಿಯನ್ನು ಪ್ರಯತ್ನಿಸಿ ನೋಡಬಹುದು.

ಇನ್ನು ಸ್ವಾಮ್ಯದ ವಿಷಯ. ನೆರೆಮನೆಯ ಕಾದಂಬರಿ ನಮ್ಮ ಕಪಾಟಿನಲ್ಲಿ, ನಮ್ಮದು ಅವರ ಟೇಬಲ್ಲಿನ ಮೇಲೆ. ಬೆಳಗಾವಿಯ ಓಣಿಗಳಲ್ಲಿ ಓದು ಬೆಳೆದಿರುವುದೇ ಹೀಗೆ. ಇ-ಪುಸ್ತಕ ಸಾಮಾನ್ಯವಾಗಿ ಕೊಂಡವರ ಖಾತೆಗೆ ಕಟ್ಟಿಹಾಕಿದ ಹಸು. ಕಾಕುವಿಗೆ ಕೊಡಬೇಕೆಂದರೆ ಯಂತ್ರವನ್ನೇ ಕೊಡಬೇಕು. 2009ರ ಜುಲೈಯಲ್ಲಿ ನಡೆದ ಒಂದು ಪ್ರಸಂಗ ನೆನಪಿಡತಕ್ಕದ್ದು. ಮಾರುವ ಹಕ್ಕಿಲ್ಲದವರು ಮಾರಿದ್ದರೆಂಬ ಕಾರಣದಿಂದ ಅಮೆಜಾನ್ ಗಿರಾಕಿಗಳ ಕಿಂಡಲ್‌ಗಳಿಂದ ಒಂದು ಪುಸ್ತಕವನ್ನು ದೂರದಿಂದಲೇ ಅಳಿಸಿಹಾಕಿತು. ಹಣ ಹಿಂದಿರುಗಿಸಿತು, ಆಮೇಲೆ ಅದರ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದ. ಅಳಿಸಿದ ಪುಸ್ತಕ ಯಾವುದೆಂದರೆ ಜಾರ್ಜ್ ಆರ್ವೆಲ್‌ನ ‘1984’! ಬರೆದ ಮಾತುಗಳನ್ನೆಲ್ಲ ಸರ್ಕಾರ ಅಳಿಸಿ ತಿದ್ದುವ ಕಥೆ ಅದು. ಕೊಂಡ ಪುಸ್ತಕದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ಲಿನ ಮೂಲಕ ಯಂತ್ರಕ್ಕೆ ಸಾಗಿಸುವ ಸೌಕರ್ಯವನ್ನೂ ಆ ಕಂಪನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಜೀವಮಾನವಿಡೀ ಬೇಕೆನಿಸುವ ಗ್ರಂಥಗಳನ್ನು ಬೂಷ್ಟು ಒರೆಸಿಯಾದರೂ ಕಾಗದದಲ್ಲಿ ಇಟ್ಟುಕೊಳ್ಳುವವರನ್ನು ಹಳೆಯ ಕಾಲದವರೆಂದು ನಗುವಂತಿಲ್ಲ.

ಇಷ್ಟೆಲ್ಲ ವಿಚಾರಿಸಿದ ಮೇಲೂ ಮನಸ್ಸು ನಿಲ್ಲದಿದ್ದರೆ, ಒಂದು ತಿಂಗಳು ಮೊಬೈಲಿನಲ್ಲಿಯೇ ಎರಡು ಕನ್ನಡ ಪುಸ್ತಕಗಳನ್ನು ಕೊಂಡು ಓದಿ ನೋಡಬಹುದು. ಎರಡೂ ಮುಗಿದರೆ ಯಂತ್ರ ಕೊಳ್ಳಲು ಅಡ್ಡಿಯಿಲ್ಲ. ಮೊದಲನೆಯದರ ಮೂರನೆಯ ಪ್ರಕರಣದಲ್ಲೇ ನಿಂತುಹೋದರೆ ಆ ಹಣದಿಂದ ಒಂದು ಒಳ್ಳೆಯ ಗಾಜಿನ ಬಾಗಿಲಿನ ಕಪಾಟು ಮಾಡಿಸಬಹುದು.

ನಮ್ಮ ಮಾಸ್ತರರ ಮನೆಯಲ್ಲಿ ಆ ಪೆಟ್ಟಿಗೆ ದಸರೆಯ ತನಕ ಹಾಗೆಯೇ ಇತ್ತೆಂದುಕೊಳ್ಳೋಣ. ಮಗ ರಜೆಗೆ ಬಂದ. ಪುಣೆಯಿಂದ ತಂದ ಯಂತ್ರ ಸೊಸೆಯ ಪಾಲಿಗೆ ಬಂತು. ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಬಿಡುವು ಸಿಕ್ಕಾಗ ಓದಲು ಅವಳಿಗೆ ಇಂಗ್ಲಿಷ್ ಕಾದಂಬರಿಗಳು ಬೇಕು. ತಂದೆ ಮಕ್ಕಳು ಕುಳಿತು ಲೆಕ್ಕ ಹಾಕಿದರು. ದೊಡ್ಡ ಪರದೆಯದೊಂದು, ಆಂಡ್ರಾಯ್ಡ್ ಜಾತಿಯದು, ದೀಪಾವಳಿಗೆ ಮುಂಚೆ ಬಂತು. ಮೊಮ್ಮಗಳು ಅದರಲ್ಲಿ ಮೊದಲು ಇಳಿಸಿಕೊಟ್ಟದ್ದು ಗಳಗನಾಥರ ಒಂದು ಹಳೆಯ ಕಾದಂಬರಿ. ಯಾವುದೋ ವಾಚನಾಲಯದ ಮುದ್ರೆ ಮೊದಲ ಪುಟದ ಮೇಲೆ ಓರೆಯಾಗಿ ಬಿದ್ದಿದೆ. ಒಳಗೆ ಅಲ್ಲಲ್ಲಿ ಅಂಚಿನಲ್ಲಿ ಪೆನ್ಸಿಲಿನ ಗೆರೆಗಳು, ಒಂದೆಡೆ ‘ಆಹಾ’ ಎಂಬ ಸಣ್ಣ ಬರಹ. ಛಾಯಾಚಿತ್ರವಾದುದರಿಂದ ಅದೂ ಹಾಗೆಯೇ ಉಳಿದುಬಂದಿದೆ. ಮಾಸ್ತರರು ಆ ‘ಆಹಾ’ವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಚಾಳೀಸು ಸರಿಪಡಿಸಿಕೊಂಡು ನೋಡಿದರು.

“ನೋಡ ತಂಗಿ, ಇವನೂ ಇಲ್ಲೇ ನಿಂತಾನ.”

“ಯಾರ ಅಜ್ಜಾ?”

“ಯಾರೋ. ನನ್ನ ಮೊದಲ ಓದಿದಾಂವ.”